ಟೈಮಿಂಗ್ ಬೆಲ್ಟ್ ತುಂಡಾಗಿದೆ, ಎಂಜಿನ್ ಉಳಿದಿದೆಯೇ?

ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. 74,000 ಕಿಲೋಮೀಟರ್ ಓಡಿದೆ. ಕಳೆದ ವಾರ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದಾಗ ಎಂಜಿನ್ ಏಕಾಏಕಿ ನಿಂತಿತು. ದೊಡ್ಡ ಸದ್ದೇನೂ ಬರಲಿಲ್ಲ. ಬದಿಗೆ ನಿಲ್ಲಿಸಿ ನಾಲ್ಕೈದು ಸಲ ಸ್ಟಾರ್ಟ್ ಮಾಡಲು ನೋಡಿದೆ. ಎಂದಿಗಿಂತ ವೇಗವಾಗಿ ತಿರುಗುವ ಸದ್ದು ಬಂತೇ ಹೊರತು ಎಂಜಿನ್ ಹಿಡಿಯಲಿಲ್ಲ. ಎರಡನೇ ಗೇರಿನಲ್ಲಿ ತಳ್ಳಿಸಿಯೂ ನೋಡಿದೆ. ಗ್ಯಾರೇಜಿನಲ್ಲಿ ಕವರ್ ಬಿಚ್ಚಿದಾಗ ಟೈಮಿಂಗ್ ಬೆಲ್ಟ್ ತುಂಡಾಗಿತ್ತು. ಒಬ್ಬ ಮೆಕ್ಯಾನಿಕ್ ‘ಹೊಸ ಬೆಲ್ಟ್ ಹಾಕಿ ಸ್ಟಾರ್ಟ್ ಮಾಡೋಣ, ಅದೃಷ್ಟವಿದ್ದರೆ ಓಡುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘ಎಂಜಿನ್ ಮುಗಿಯಿತು, ಬೇರೆ ಎಂಜಿನ್ ಕೂರಿಸುವುದೊಂದೇ ದಾರಿ’ ಎನ್ನುತ್ತಾರೆ. ಬೆಲ್ಟ್ 1,00,000 ಕಿ.ಮೀ. ಬಾಳುತ್ತದೆ ಎಂದು ಕೇಳಿದ್ದೆ. ಎರಡು ವರ್ಷದ ಹಿಂದೆ ಸರ್ವಿಸ್ ಮಾಡಿಸಿದಾಗ ‘ಬಿರುಕಿಲ್ಲ, ಚೆನ್ನಾಗಿದೆ’ ಎಂದೂ ಹೇಳಿದ್ದರು. ಯಾರನ್ನು ನಂಬಲಿ? ಸೆಲ್ಫ್ ಹೊಡೆದು, ತಳ್ಳಿಸಿ ನಾನೇ ಎಂಜಿನ್ ಹಾಳು ಮಾಡಿಕೊಂಡೆನೇ?

ಉತ್ತರ: ನಿಮ್ಮ ಇಬ್ಬರು ಮೆಕ್ಯಾನಿಕ್‌ಗಳೂ ಎಂಜಿನ್ನಿನ ಒಳಗೆ ಏನಾಗಿದೆ ಎಂದು ನೋಡುವ ಮೊದಲೇ ತೀರ್ಪು ಕೊಟ್ಟಿದ್ದಾರೆ. ಬೆಲ್ಟ್ ತುಂಡಾದದ್ದು ಒಂದು ಘಟನೆ. ಎಂಜಿನ್ ಕೆಟ್ಟಿದ್ದರೆ ಅದು ಇನ್ನೊಂದು ಘಟನೆ. ಎರಡನೆಯದು ನಡೆದಿದೆಯೇ, ಎಷ್ಟರ ಮಟ್ಟಿಗೆ ನಡೆದಿದೆ ಎಂದು ತಿಳಿಯಲು ಕೆಲವು ಗಂಟೆಗಳ ಪರೀಕ್ಷೆ ಸಾಕು. ಅದು ಮುಗಿಯುವ ತನಕ ಬೇರೆ ಎಂಜಿನ್ನಿಗೆ ಮುಂಗಡ ಕೊಡಬೇಡಿ; ಹೊಸ ಬೆಲ್ಟ್ ಹಾಕಿ ಕೀಲಿ ತಿರುಗಿಸಲೂ ಬಿಡಬೇಡಿ.

ನಿಮ್ಮನ್ನು ಕಾಡುತ್ತಿರುವ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅದಕ್ಕೆ ಎಂಜಿನ್ನಿನ ಒಳಗಿನ ಲೆಕ್ಕ ಸ್ವಲ್ಪ ತಿಳಿದಿರಬೇಕು. ಪಿಸ್ಟನ್‌ಗಳು ಕೆಳಗಿನ ಕ್ರ್ಯಾಂಕ್‌ಶಾಫ್ಟಿಗೆ ಸೇರಿವೆ. ಗಾಳಿ ಒಳಬರಲು, ಹೊಗೆ ಹೊರಹೋಗಲು ತೆರೆದು ಮುಚ್ಚುವ ವಾಲ್ವ್‌ಗಳು ಮೇಲಿನ ಕ್ಯಾಮ್‌ಶಾಫ್ಟಿನ ಅಧೀನ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ಬರಬೇಕು. ಆ ಕಟ್ಟುಪಾಡನ್ನು ಕಾಯುವುದು ಹಲ್ಲುಗಳಿರುವ ಈ ಬೆಲ್ಟ್. ಕ್ರ್ಯಾಂಕ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿ ವಾಲ್ವೂ ಸೆಕೆಂಡಿಗೆ 25 ಸಲ ಸಿಲಿಂಡರಿನೊಳಕ್ಕೆ ಇಳಿದು ಮತ್ತೆ ಮೇಲೇರುತ್ತದೆ. ಪೂರ್ತಿ ತೆರೆದ ವಾಲ್ವ್ ಅನೇಕ ಎಂಜಿನ್‌ಗಳಲ್ಲಿ 8ರಿಂದ 10 ಮಿಲಿಮೀಟರಿನಷ್ಟು ಕೆಳಗೆ ಬಂದಿರುತ್ತದೆ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ಅಲ್ಲಿಂದ ಸರಿದಿರುತ್ತದೆ ಎಂಬ ನಂಬಿಕೆಯ ಮೇಲೆಯೇ ಎಂಜಿನ್ ನಡೆಯುತ್ತದೆ.

ಬೆಲ್ಟ್ ತುಂಡಾದ ಕೂಡಲೇ ವಾಲ್ವ್ ಸ್ಪ್ರಿಂಗುಗಳ ಒತ್ತಡಕ್ಕೆ ಕ್ಯಾಮ್ ನಿಂತುಬಿಡುತ್ತದೆ. ಎಲ್ಲಿ ನಿಂತರೂ ಕೆಲವು ವಾಲ್ವ್‌ಗಳು ತೆರೆದೇ ಇರುತ್ತವೆ. ಕ್ರ್ಯಾಂಕ್ ಮಾತ್ರ ನಿಲ್ಲುವುದಿಲ್ಲ. ಗೇರಿನಲ್ಲಿರುವ ಕಾರಿನ ಚಕ್ರಗಳು ಅದನ್ನು ತಿರುಗಿಸುತ್ತಲೇ ಇರುತ್ತವೆ. ಪಿಸ್ಟನ್ನಿಗೂ ತೆರೆದ ವಾಲ್ವಿಗೂ ಒಂದೇ ಜಾಗ ಬೇಕಾಗುವ ಎಂಜಿನ್ ಆಗಿದ್ದರೆ ಮೊದಲ ಒಂದೆರಡು ಸುತ್ತಿನಲ್ಲೇ ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ. ವಾಲ್ವ್ ಬಗ್ಗಿ ದಾರಿ ಬಿಡುತ್ತದೆ. ನಿಮ್ಮ ಕಾರಿನಲ್ಲಿ ಬೆಲ್ಟ್ ತುಂಡಾದದ್ದು ಓಡುತ್ತಿದ್ದಾಗ. ಹಾಗಾಗಿ ಆಗಬೇಕಾದದ್ದರಲ್ಲಿ ಬಹುಪಾಲು ನೀವು ಕ್ಲಚ್ ಒತ್ತುವ ಮೊದಲೇ ಆಗಿಹೋಗಿರುತ್ತದೆ. ನಂತರದ ನಾಲ್ಕೈದು ಸೆಲ್ಫ್ ಅದಕ್ಕೆ ಹೆಚ್ಚೇನೂ ಸೇರಿಸಿರಲಾರದು. ಆ ಕೊರಗನ್ನು ಬಿಡಿ.

ಆದರೂ ಮುಂದೆ ಯಾರೂ ಹಾಗೆ ಮಾಡಬಾರದು. ನಿಂತಲ್ಲೇ ನಿಧಾನವಾಗಿ ತಿರುಗುತ್ತಿದ್ದಾಗ ಅಥವಾ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಬೆಲ್ಟ್ ಹೋದರೆ ಕೆಲವೊಮ್ಮೆ ಎಂಜಿನ್ ಪಾರಾಗಿರುತ್ತದೆ. ಅಂಥದ್ದನ್ನು ಸೆಲ್ಫ್ ಹೊಡೆದೇ ಕೆಡಿಸಬಹುದು. ತೆಳುವಾದ ವಾಲ್ವ್ ಬಗ್ಗಿಸಲು ಸ್ಟಾರ್ಟರ್ ಮೋಟಾರಿನ ಬಲ ಧಾರಾಳವಾಗಿ ಸಾಕು. ವಾಲ್ವಿನ ತಲೆ ಮುರಿದು ಸಿಲಿಂಡರಿನೊಳಗೆ ಬಿದ್ದಿದ್ದರಂತೂ ಪ್ರತಿ ಸುತ್ತೂ ಪಿಸ್ಟನ್ನನ್ನು, ಸಿಲಿಂಡರಿನ ಗೋಡೆಯನ್ನು ಗಾಯಗೊಳಿಸುತ್ತದೆ. ಗೇರಿನಲ್ಲಿ ತಳ್ಳುವುದು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅಲ್ಲಿ ಇಡೀ ಕಾರಿನ ತೂಕ ಕ್ರ್ಯಾಂಕಿನ ಮೇಲೆ ಬೀಳುತ್ತದೆ. ಓಡುವ ಎಂಜಿನ್ ಸದ್ದಿಲ್ಲದೆ ನಿಂತು, ಆಮೇಲೆ ಹಗುರವಾಗಿ, ಏಕಸಮನಾಗಿ ಗಿರ್ರನೆ ತಿರುಗಿದರೆ ಕೀಲಿ ಬಿಟ್ಟು ಬೇರೆ ವಾಹನದಲ್ಲಿ ಸಾಗಿಸಬೇಕು. ಇಂಧನ ಪಂಪು ಅಥವಾ ಕ್ರ್ಯಾಂಕ್ ಸೆನ್ಸರ್ ಕೆಟ್ಟಾಗಲೂ ಎಂಜಿನ್ ಹೀಗೆಯೇ ಥಟ್ಟನೆ ನಿಲ್ಲುತ್ತದೆ, ಆದರೆ ಆಗ ಸೆಲ್ಫ್ ಸದ್ದು ಎಂದಿನಂತೆ ಏರಿಳಿಯುತ್ತದೆ. ಆ ಏರಿಳಿತವೇ ಕಂಪ್ರೆಷನ್, ಅಂದರೆ ಮುಚ್ಚಿದ ಸಿಲಿಂಡರಿನಲ್ಲಿ ಪಿಸ್ಟನ್ ಗಾಳಿಯನ್ನು ಅದುಮುವುದರ ಗುರುತು. ನೀವು ಕೇಳಿದ ವೇಗದ ಸದ್ದಿನ ಅರ್ಥ ಸಿಲಿಂಡರಿನಲ್ಲಿ ಗಾಳಿ ನಿಲ್ಲುತ್ತಿಲ್ಲ ಎಂದು. ವಾಲ್ವ್ ಬಗ್ಗಿರುವುದಕ್ಕೆ ಅದೊಂದೇ ಸಾಕ್ಷಿಯಾಗದು. ಕ್ಯಾಮ್ ನಿಂತ ಜಾಗದಲ್ಲಿ ತೆರೆದುಕೊಂಡ ವಾಲ್ವ್‌ಗಳಿಂದಲೂ ಗಾಳಿ ಹೋಗುತ್ತದೆ.

ಈಗ ಮಾಡಬೇಕಾದ ಮೊದಲ ಕೆಲಸ, ನಿಮ್ಮ ಎಂಜಿನ್ ಯಾವ ಬಗೆಯದು ಎಂದು ತಿಳಿಯುವುದು. ಬೆಲ್ಟ್ ಹೋದರೂ ಪಿಸ್ಟನ್ನೂ ವಾಲ್ವೂ ಒಂದಕ್ಕೊಂದು ತಾಕದಷ್ಟು ಜಾಗ ಬಿಟ್ಟು ಮಾಡಿದ ಎಂಜಿನ್‌ಗಳಿವೆ. ತಾಕುವ ಬಗೆಯವನ್ನು ಇಂಟರ್‌ಫಿಯರೆನ್ಸ್ ಎಂಜಿನ್ ಎನ್ನುತ್ತಾರೆ. ‘ಪೆಟ್ರೋಲ್ ಎಂಜಿನ್ನಿಗೆ ಏನೂ ಆಗುವುದಿಲ್ಲ, ಡೀಸೆಲ್ ಎಂಜಿನ್ ಮಾತ್ರ ಹಾಳಾಗುತ್ತದೆ’ ಎಂಬ ಮಾತು ಓಡಾಡುತ್ತಿದೆ. ಅದರ ಅರ್ಧ ಮಾತ್ರ ನಿಜ. ಡೀಸೆಲ್‌ನಲ್ಲಿ ಕಂಪ್ರೆಷನ್ ಹೆಚ್ಚು, ಪಿಸ್ಟನ್ನಿನ ಮೇಲೆ ಉಳಿಯುವ ಜಾಗ ತೀರಾ ಕಡಿಮೆ, ಆದ್ದರಿಂದ ಅವು ಬಹುತೇಕ ತಾಕುವ ಬಗೆಯವೇ. ಆದರೆ ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್ ಇರುವ ಆಧುನಿಕ ಪೆಟ್ರೋಲ್ ಎಂಜಿನ್‌ಗಳಲ್ಲಿಯೂ ಹೆಚ್ಚಿನವು ಹಾಗೆಯೇ ಇವೆ. ತಯಾರಕರು ಹೀಗೆ ಮಾಡಲು ಕಾರಣವಿದೆ: ವಾಲ್ವ್ ಹೆಚ್ಚು ತೆರೆದು, ದಹನಕೋಶ ಚಿಕ್ಕದಾದರೆ ಅದೇ ಇಂಧನದಿಂದ ಹೆಚ್ಚು ಶಕ್ತಿ ಸಿಗುತ್ತದೆ. ಒಂದೇ ಮಾದರಿಯ ಕಾರಿನಲ್ಲಿ ಬೇರೆ ಬೇರೆ ಎಂಜಿನ್ ಇರಬಹುದಾದ್ದರಿಂದ ಕಾರಿನ ಹೆಸರು ನೋಡಬೇಡಿ, ಎಂಜಿನ್ ಕೋಡ್ ನೋಡಿ. ರಿಪೇರಿ ಕೈಪಿಡಿಯಲ್ಲಿ, ಬೆಲ್ಟ್ ತಯಾರಕರ ಪಟ್ಟಿಗಳಲ್ಲಿ ಇದು ಸಿಗುತ್ತದೆ.

ತಾಕದ ಬಗೆಯದಾಗಿದ್ದರೆ ಮೊದಲ ಮೆಕ್ಯಾನಿಕ್ ಹೇಳಿದ್ದು ಸರಿ; ಹೊಸ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್ ಹಾಕಿದರೆ ಕಾರು ಓಡುತ್ತದೆ. ತಾಕುವ ಬಗೆಯದಾಗಿದ್ದರೆ ಗಾಳಿ ಪರೀಕ್ಷೆ ಮಾಡಿಸಿ. ಇದನ್ನು ಎಲ್ಲ ಗ್ಯಾರೇಜುಗಳೂ ತಾವಾಗಿ ಮಾಡುವುದಿಲ್ಲ, ಆದ್ದರಿಂದ ಹೇಗೆ ಮಾಡಬೇಕೆಂದು ವಿವರವಾಗಿ ಬರೆಯುತ್ತೇನೆ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಬೇಕು. ಕ್ರ್ಯಾಂಕನ್ನು ಸ್ಪಾನರ್ ಹಾಕಿ ಕೈಯಿಂದಲೇ, ಮೆಲ್ಲಗೆ ತಿರುಗಿಸಿ, ನಾಲ್ಕೂ ಪಿಸ್ಟನ್‌ಗಳನ್ನು ಸಿಲಿಂಡರಿನ ನಡುಭಾಗಕ್ಕೆ ತರಬೇಕು. ಸಾಲಾಗಿ ನಾಲ್ಕು ಸಿಲಿಂಡರ್ ಇರುವ ಎಂಜಿನ್ನಿನಲ್ಲಿ ಮೇಲ್ತುದಿಯ ಗುರುತಿನಿಂದ ಸುಮಾರು 90 ಡಿಗ್ರಿ ಸರಿಸಿದರೆ ಇದು ಆಗುತ್ತದೆ. ತಿರುಗಿಸುವಾಗ ಎಲ್ಲಾದರೂ ತಡೆದಂತಾದರೆ ಅಲ್ಲಿಗೇ ನಿಲ್ಲಿಸಬೇಕು, ಬಲ ಹಾಕಬಾರದು. ಪಿಸ್ಟನ್‌ಗಳು ನಡುವೆ ನಿಂತ ಮೇಲೆ ಕ್ಯಾಮ್‌ಗಳನ್ನು ನಿರ್ಭಯವಾಗಿ ತಿರುಗಿಸಬಹುದು. ಒಂದೊಂದೇ ಸಿಲಿಂಡರಿನ ವಾಲ್ವ್‌ಗಳೆಲ್ಲ ಮುಚ್ಚುವಂತೆ ಕ್ಯಾಮ್ ನಿಲ್ಲಿಸಿ, ಪ್ಲಗ್ಗಿನ ರಂಧ್ರದ ಮೂಲಕ ಕಡಿಮೆ ಒತ್ತಡದ ಗಾಳಿ ಬಿಟ್ಟು ಕಿವಿಗೊಡಬೇಕು. ಗಾಳಿಯ ಒತ್ತಡಕ್ಕೆ ಪಿಸ್ಟನ್ ಕೆಳಗೆ ಓಡದಂತೆ ಕ್ರ್ಯಾಂಕನ್ನು ಹಿಡಿದಿಡುವುದು ಮುಖ್ಯ. ಬಿಗಿಯಾಗಿ ಹಿಡಿದಿಲ್ಲದಿದ್ದರೆ ಸ್ಪಾನರ್ ತಿರುಗಿ ಕೈಗೆ ಪೆಟ್ಟಾಗುತ್ತದೆ.

ಗಾಳಿ ಏರ್ ಫಿಲ್ಟರಿನ ಕಡೆಯಿಂದ ಬುಸುಗುಟ್ಟಿದರೆ ಗಾಳಿ ಒಳಬಿಡುವ ವಾಲ್ವ್ ಬಗ್ಗಿದೆ. ಸೈಲೆನ್ಸರ್ ಕೊಳವೆಯಲ್ಲಿ ಕೇಳಿದರೆ ಹೊಗೆ ಹೊರಬಿಡುವ ವಾಲ್ವ್. ಎಂಜಿನ್ ಆಯಿಲ್ ಮುಚ್ಚಳದಲ್ಲಿ ಬಂದರೆ ಪಿಸ್ಟನ್ನಿನ ಸುತ್ತ ಗಾಳಿ ತಡೆಯುವ ರಿಂಗ್ ಅಥವಾ ಪಿಸ್ಟನ್ನಿನ ಮೇಲೆ ಅನುಮಾನ. ಬಗ್ಗಿದ ವಾಲ್ವ್ ಇರುವ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಒತ್ತಡ ನಿಲ್ಲುವುದೇ ಇಲ್ಲ. ಉತ್ತರ ಸ್ಪಷ್ಟವಾಗಿಯೇ ಸಿಗುತ್ತದೆ. ಪ್ಲಗ್ಗಿನ ರಂಧ್ರದಿಂದ ಚಿಕ್ಕ ಕ್ಯಾಮೆರಾ ಇಳಿಸಿ ನೋಡಿದರೆ ಪಿಸ್ಟನ್ನಿನ ತಲೆಯ ಮೇಲೆ ಅರ್ಧಚಂದ್ರಾಕಾರದ ಹೊಸ ಗುರುತುಗಳು ಕಾಣಬಹುದು. ಕಂಡರೆ ಬಡಿದದ್ದು ಖಚಿತ. ಕಾಣದಿದ್ದರೆ ಬಡಿದಿಲ್ಲ ಎಂದು ಮಾತ್ರ ತಿಳಿಯಬಾರದು, ಏಕೆಂದರೆ ಕಣ್ಣಿಗೆ ಕಾಣದಷ್ಟು ಬಗ್ಗಿದ ವಾಲ್ವೂ ಗಾಳಿ ಬಿಡುತ್ತದೆ.

ಇಷ್ಟು ಹೇಳಿದ ಮೇಲೆ ‘ಬೆಲ್ಟ್ ಹಾಕಿ ಸ್ಟಾರ್ಟ್ ಮಾಡಿ ನೋಡೋಣ’ ಎಂಬುದರಲ್ಲಿ ಏನು ಅಪಾಯ ಎಂದು ನೋಡಿ. ನಾಲ್ಕರಲ್ಲಿ ಒಂದು ಸಿಲಿಂಡರಿನ ವಾಲ್ವ್ ಸ್ವಲ್ಪವೇ ಬಗ್ಗಿದ್ದರೆ ಎಂಜಿನ್ ಸ್ಟಾರ್ಟ್ ಆಗಲೂಬಹುದು, ನಡುಗುತ್ತಾ ಓಡಲೂಬಹುದು. ಅಷ್ಟಕ್ಕೇ ಸಮಾಧಾನಪಟ್ಟು ಕಾರು ಒಯ್ದವರು ಮತ್ತೆ ದೊಡ್ಡ ರಿಪೇರಿಗೆ ಬಂದದ್ದನ್ನು ನಾನು ಕಂಡಿದ್ದೇನೆ. ಹೊಗೆ ಹೊರಬಿಡುವ ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಸೀಟಿಗೆ, ಅಂದರೆ ತಾನು ಕೂತು ಮುಚ್ಚುವ ಅಂಚಿಗೆ, ತಾಗಿದಾಗಲೇ ಬಿಟ್ಟುಕೊಡುತ್ತದೆ. ಪೂರ್ತಿ ಕೂರದ ವಾಲ್ವಿಗೆ ಆ ಅವಕಾಶ ಸಿಗದು. ಅದರ ಅಂಚು ಸುಟ್ಟು ಹೋಗುತ್ತದೆ. ಉರಿಯದೆ ಹೊರಬಂದ ಪೆಟ್ರೋಲ್ ಹೊಗೆ ಶುಚಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೂ ಕೆಡಿಸುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಭಯ, ಒಮ್ಮೆ ಬಗ್ಗಿದ ವಾಲ್ವಿನ ಕತ್ತು ದಣಿದು ಎಂದಾದರೂ ಮುರಿಯುವುದು. ತಲೆ ಸಿಲಿಂಡರಿಗೆ ಬಿತ್ತೆಂದರೆ ವಾಲ್ವ್‌ಗಳಿರುವ ಮೇಲ್ಭಾಗವಾದ ಹೆಡ್ ಮಾತ್ರವಲ್ಲ, ಪಿಸ್ಟನ್, ಸಿಲಿಂಡರುಗಳಿರುವ ಬ್ಲಾಕ್ ಎಲ್ಲವೂ ಹೋಗುತ್ತವೆ. ಆಗ ಎರಡನೇ ಮೆಕ್ಯಾನಿಕ್ ಹೇಳಿದ ಮಾತು ನಿಜವಾಗುತ್ತದೆ.

ಗಾಳಿ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರ್ ಗಾಳಿ ಹಿಡಿದರೆ ಬೆಲ್ಟ್ ಜೋಡಿಸಿ, ಕೈಯಿಂದ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಹೊಂದಿದವೇ ನೋಡಿ, ಬಳಿಕ ಕಂಪ್ರೆಷನ್ ಅಳೆದು, ಆಮೇಲೆ ಸ್ಟಾರ್ಟ್ ಮಾಡಬಹುದು. ಓಡುತ್ತಿದ್ದಾಗ ತುಂಡಾದ ಇಂಟರ್‌ಫಿಯರೆನ್ಸ್ ಎಂಜಿನ್ ಹೀಗೆ ಪಾರಾಗುವುದು ಅಪರೂಪ. ಆದರೂ ಅಪರೂಪವೆಂದು ಪರೀಕ್ಷೆಯನ್ನೇ ಬಿಡಬಾರದು.

ಗಾಳಿ ಸೋರಿದರೆ ಹೆಡ್ ಇಳಿಸಬೇಕು. ನಿಮ್ಮ ಕಾರಿನ ಮಟ್ಟಿಗೆ ನನಗೆ ಹೆಚ್ಚು ಸಾಧ್ಯವೆಂದು ತೋರುವುದು ಇದೇ, ಮತ್ತು ಇದು ಎಂಜಿನ್ ಮುಗಿಯಿತು ಎಂಬುದರಿಂದ ಬಹಳ ದೂರದ ಮಾತು. ಪೆಟ್ರೋಲ್ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಓರೆಯಾಗಿ ಇಳಿಯುತ್ತವೆ. ಪೆಟ್ಟು ಬಿದ್ದಾಗ ಅವು ಬಗ್ಗಿ, ಪಿಸ್ಟನ್ನಿಗೆ ಒಂದು ಗೀರು ಬಿಟ್ಟು ಸುಮ್ಮನಾಗುವುದೇ ಹೆಚ್ಚು. ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ವಾಲ್ವ್‌ಗಳು ನೆಟ್ಟಗೆ ನಿಂತಿರುವುದರಿಂದ ಪೆಟ್ಟು ನೇರವಾಗಿ ಮೇಲಕ್ಕೆ ಹೋಗಿ, ವಾಲ್ವ್ ಒತ್ತುವ ರಾಕರ್‌ಗಳು, ಕೆಲವೊಮ್ಮೆ ಕ್ಯಾಮ್‌ಶಾಫ್ಟೇ ಮುರಿಯುತ್ತದೆ. ಹಾಗೆಯೇ ರಾಕರ್ ಮುರಿದು ವಾಲ್ವ್ ಉಳಿದ ಡೀಸೆಲ್‌ಗಳೂ ಇವೆ.

ಹೆಡ್ ಇಳಿಸಿದ ಮೇಲೆ ಮಾಡುವ ಕೆಲಸದಲ್ಲಿ ಒಂದು ವಿಷಯಕ್ಕೆ ನೀವು ಪಟ್ಟು ಹಿಡಿಯಬೇಕು. ಕಣ್ಣಿಗೆ ಬಗ್ಗಿದಂತೆ ಕಂಡ ವಾಲ್ವ್ ಮಾತ್ರ ಬದಲಿಸಿ ಉಳಿದವನ್ನು ಹಾಗೇ ಹಾಕುವುದು ಬೇಡ. ಪ್ರತಿ ವಾಲ್ವನ್ನೂ ಡಯಲ್ ಗೇಜಿಗೆ ಕೊಟ್ಟು ತಿರುಗಿಸಿ ನೋಡಬೇಕು. ಅಳತೆ ತಪ್ಪಿದ್ದೆಲ್ಲ ಹೊರಗೆ. ಬಗ್ಗಿದ ವಾಲ್ವನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಮಾತು ಯಾರಾದರೂ ಆಡಿದರೆ ಕಾರನ್ನು ಅಲ್ಲಿಂದ ತೆಗೆಯಿರಿ. ವಾಲ್ವ್ ಗೈಡುಗಳಲ್ಲಿ ಬಿರುಕಿದೆಯೇ, ಸೀಟುಗಳು ಸರಿಯಿವೆಯೇ ಎಂದು ನೋಡಬೇಕು. ಹೊಸ ವಾಲ್ವ್ ಸೀಲುಗಳು, ಹೊಸ ಹೆಡ್ ಗ್ಯಾಸ್ಕೆಟ್, ಮತ್ತು ಹಿಗ್ಗುವ ಬಗೆಯ ಹೆಡ್ ಬೋಲ್ಟುಗಳಿದ್ದರೆ ಅವೂ ಹೊಸವು ಬೇಕು. ಹೆಡ್ ಬಿಚ್ಚಿದ ಹೊತ್ತಿನಲ್ಲಿ ನಾಲ್ಕೂ ಪಿಸ್ಟನ್‌ಗಳು ಮೇಲ್ತುದಿಯಲ್ಲಿ ಒಂದೇ ಎತ್ತರಕ್ಕೆ ಬರುತ್ತವೆಯೇ ಎಂದು ಅಳೆಯಲು ಕೆಲವೇ ನಿಮಿಷ ಸಾಕು. ಒಂದು ತಗ್ಗಿದ್ದರೆ ಅದನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಬಗ್ಗಿರುತ್ತದೆ. ಪಿಸ್ಟನ್ನಿನ ಮೇಲಿನ ಆಳವಿಲ್ಲದ ಗುರುತು ತೊಂದರೆ ಕೊಡದು. ಬಿರುಕಿದ್ದರೆ, ಅಥವಾ ರಿಂಗ್ ಕೂರುವ ತೋಡು ನಜ್ಜಿದ್ದರೆ ಪಿಸ್ಟನ್ ಬದಲಿಸಲೇಬೇಕು.

ಬಳಸಿದ ಎಂಜಿನ್ ಕೂರಿಸುವುದು ಯಾವಾಗ ಸರಿ? ಹೆಡ್ ಒಡೆದಿದ್ದರೆ, ಪಿಸ್ಟನ್ ಮತ್ತು ಬ್ಲಾಕಿಗೂ ಏಟಾಗಿದ್ದರೆ, ಅಥವಾ ಎಂಜಿನ್ ಮೊದಲೇ ಆಯಿಲ್ ಕುಡಿಯುತ್ತಾ ಸವೆದಿದ್ದರೆ. 74,000 ಕಿ.ಮೀ. ಓಡಿದ, ಅಲ್ಲಿಯವರೆಗೆ ಚೆನ್ನಾಗಿದ್ದ ನಿಮ್ಮ ಎಂಜಿನ್ನಿನ ಕೆಳಭಾಗ ಇನ್ನೂ ಗಟ್ಟಿಯಾಗಿರಬೇಕು. ಅದನ್ನು ಎಸೆದು, ಚರಿತ್ರೆ ಗೊತ್ತಿಲ್ಲದ ಇನ್ನೊಂದನ್ನು ತರುವುದಕ್ಕೆ ಪರೀಕ್ಷೆಯ ಆಧಾರ ಬೇಕು. ಅದನ್ನೇ ಆರಿಸಿದರೂ ಕಂಪ್ರೆಷನ್ ಅಳತೆ ಕೇಳಿ ಪಡೆಯಿರಿ, ಎಂಜಿನ್ ಸಂಖ್ಯೆಯ ಕಾಗದಪತ್ರ ಸರಿಪಡಿಸಿಕೊಳ್ಳಿ, ಕಾರಿಗೆ ಕೂರಿಸುವ ಮೊದಲೇ ಅದರ ಟೈಮಿಂಗ್ ಬೆಲ್ಟ್ ಬದಲಿಸಿ. ಹೊರಗಿಟ್ಟಾಗ ಆ ಕೆಲಸ ಸುಲಭ, ಮತ್ತು ಒಳಗಿರುವ ಬೆಲ್ಟಿನ ವಯಸ್ಸು ಯಾರಿಗೂ ಗೊತ್ತಿರುವುದಿಲ್ಲ.

ಇನ್ನು ಬೆಲ್ಟ್ ಏಕೆ ತುಂಡಾಯಿತು ಎಂಬ ಪ್ರಶ್ನೆ. ಇದನ್ನು ಯಾರೂ ಕೇಳದೆ ಬಿಡುವುದು ನನಗೆ ಬಹಳ ಬೇಸರ ತರುವ ಸಂಗತಿ. ತುಂಡಾದ ಬೆಲ್ಟನ್ನು, ಅದರ ಚೂರುಗಳನ್ನು, ಟೆನ್ಷನರನ್ನು ಎಸೆಯಲು ಬಿಡಬೇಡಿ. ಕಾರಣ ಅವುಗಳ ಮೇಲೆಯೇ ಬರೆದಿರುತ್ತದೆ. ಒಂದೇ ಕಡೆ ಸಾಲಾಗಿ ಹಲ್ಲುಗಳು ಕಿತ್ತುಬಂದಿದ್ದರೆ ಬೆಲ್ಟ್ ತಿರುಗಿಸಬೇಕಾದ ಯಾವುದೋ ಭಾಗ ಬಿಗಿದುಕೊಂಡಿತ್ತು ಎಂದರ್ಥ. ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪು ಇದ್ದರೆ ಮೊದಲ ಅನುಮಾನ ಅದರ ಮೇಲೆ. ಅಂಚು ಸವೆದು ನಾರು ನಾರಾಗಿದ್ದರೆ ಐಡ್ಲರ್ (ಬೆಲ್ಟನ್ನು ದಾರಿಯಲ್ಲಿಡುವ ಚಕ್ರ) ಅಥವಾ ಟೆನ್ಷನರಿನ ಬೇರಿಂಗ್ ಸಡಿಲವಾಗಿ ಬೆಲ್ಟ್ ಪಕ್ಕಕ್ಕೆ ಸರಿದಿದೆ. ರಬ್ಬರ್ ಉಬ್ಬಿ ಮೆತ್ತಗಾಗಿದ್ದರೆ ಕ್ಯಾಮ್ ಅಥವಾ ಕ್ರ್ಯಾಂಕಿನ ಸೀಲಿನಿಂದ ಆಯಿಲ್ ಸೋರಿದೆ. ಚಾಕುವಿನಿಂದ ಕೊಯ್ದಂತೆ ನೇರವಾಗಿ ತುಂಡಾಗಿದ್ದರೆ ಜೋಡಿಸುವಾಗಲೋ ಇಡುವಾಗಲೋ ಯಾರೋ ಬೆಲ್ಟನ್ನು ಮಡಚಿ ಒಳಗಿನ ಎಳೆ ಮುರಿದಿರುವ ಸಾಧ್ಯತೆ ಹೆಚ್ಚು. ಇಂಥ ಕಾರಣವನ್ನು ಸರಿಪಡಿಸದೆ ಹೊಸ ವಾಲ್ವ್, ಹೊಸ ಬೆಲ್ಟ್ ಹಾಕಿದರೆ ಇದೇ ಅವಘಡ ಮರುಕಳಿಸುತ್ತದೆ. ಇವೊಂದೂ ಇಲ್ಲದೆ, ಸಾಮಾನ್ಯವಾಗಿ ಎಳೆ ಎಳೆಯಾಗಿ ಹರಿದಿದ್ದರೆ ವಯಸ್ಸೇ ಕಾರಣವಿರಬಹುದು.

ನಿಮ್ಮ ವಿಷಯದಲ್ಲಿ ವಯಸ್ಸಿನ ಪಾತ್ರ ದೊಡ್ಡದಿರಬೇಕು ಎಂದು ನನ್ನ ಅಂದಾಜು. ‘1,00,000 ಕಿ.ಮೀ.’ ಎಂದು ನೀವು ಕೇಳಿದ್ದು ಅರ್ಧ ವಾಕ್ಯ. ಹೆಚ್ಚಿನ ಕೈಪಿಡಿಗಳಲ್ಲಿ ದೂರದ ಜೊತೆಗೆ ವರ್ಷವೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದು ಲೆಕ್ಕ. ಎಂಜಿನ್ನಿಗೆ ತಕ್ಕಂತೆ ಅದು ಐದು ವರ್ಷವಿರಬಹುದು, ಹತ್ತೂ ಇರಬಹುದು. ನಿಮ್ಮ ಕೈಪಿಡಿಯ ಪುಟವನ್ನೇ ತೆರೆದು ನೋಡಿ. ಕಾರು ನಿಂತಿದ್ದರೂ ರಬ್ಬರ್ ಹಳತಾಗುತ್ತದೆ, ಎಂಜಿನ್ನಿನ ಬಿಸಿ ಅದನ್ನು ಇನ್ನಷ್ಟು ಬೇಗ ಹಳತು ಮಾಡುತ್ತದೆ.

‘ಬಿರುಕಿಲ್ಲ’ ಎಂಬ ಭರವಸೆಯೂ ಈಗಿನ ಬೆಲ್ಟುಗಳಿಗೆ ಹೊಂದದು. ಹಿಂದಿನ ನಿಯೋಪ್ರೀನ್ ಬೆಲ್ಟುಗಳು ಬಿರುಕು ಬಿಟ್ಟು ಎಚ್ಚರಿಕೆ ಕೊಡುತ್ತಿದ್ದವು. ಈಗ ಬಳಕೆಯಲ್ಲಿರುವ ಎಚ್‌ಎನ್‌ಬಿಆರ್ ಎಂಬ ರಬ್ಬರ್ ಶಾಖವನ್ನು ಹೆಚ್ಚು ತಾಳುತ್ತದೆ, ಹೊರಗಿನಿಂದ ಬಹುಕಾಲ ಹೊಸದರಂತೆಯೇ ಕಾಣುತ್ತದೆ. ಬಲವೆಲ್ಲ ಒಳಗಿನ ಗಾಜಿನ ನಾರಿನ ಎಳೆಗಳದ್ದು. ಹೊದಿಕೆ ಚೆನ್ನಾಗಿದೆಯೆಂದು ಹೊದ್ದವನ ಆರೋಗ್ಯ ಹೇಳಲಾಗದು. ಜೊತೆಗೆ, ಮೇಲಿನ ಕವರ್ ಸರಿಸಿ ನೋಡಿದಾಗ ಕಾಣುವುದು ಬೆಲ್ಟಿನ ಬೆನ್ನು ಮಾತ್ರ. ಹೆಚ್ಚು ಒತ್ತಡ ಬೀಳುವ ಹಲ್ಲಿನ ಬುಡ ಕಾಣುವುದಿಲ್ಲ. ನಿಮಗೆ ಹಾಗೆ ಹೇಳಿದವರು ಸುಳ್ಳು ಹೇಳಿರಲಿಕ್ಕಿಲ್ಲ, ಆದರೆ ನೋಡಿ ಹೇಳಲಾಗದ್ದನ್ನು ಹೇಳಿದ್ದಾರೆ.

ಎಂಜಿನ್ ಆಯಿಲಿನೊಳಗೇ ತಿರುಗುವ ಬೆಲ್ಟ್ ನಿಮ್ಮದಾಗಿದ್ದರೆ ಒಂದು ಮಾತು ಹೆಚ್ಚು ಸೇರಿಸಬೇಕು. ಅಂಥ ಬೆಲ್ಟ್ ಹಾಳಾಗುವಾಗ ಉದುರಿದ ಚೂರುಗಳು ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚುತ್ತವೆ. ಆಯಿಲ್ ಚೇಂಬರ್ ಇಳಿಸಿ ಜಾಲರಿ ಶುಚಿ ಮಾಡದೆ ಸ್ಟಾರ್ಟ್ ಮಾಡಿದರೆ, ವಾಲ್ವ್ ಉಳಿದಿದ್ದರೂ ಆಯಿಲ್ ಸಿಗದೆ ಬೇರಿಂಗ್‌ಗಳು ಹೋಗುತ್ತವೆ.

ರಿಪೇರಿ ಮುಗಿದು ಬೆಲ್ಟ್ ಜೋಡಿಸುವ ದಿನ ಸಾಧ್ಯವಾದರೆ ನೀವೇ ಹಾಜರಿರಿ. ಬೆಲ್ಟ್, ಟೆನ್ಷನರ್, ಐಡ್ಲರ್ ಮೂರೂ ಒಂದೇ ಕಿಟ್ಟಿನಲ್ಲಿ ಬರಲಿ. ವಾಟರ್ ಪಂಪು ಅದೇ ಬೆಲ್ಟಿನ ಮೇಲಿದ್ದರೆ ಅದನ್ನೂ ಬದಲಿಸಲಿ. ಕಿಟ್ಟಿನ ಮೇಲಿನ ತಯಾರಿಕೆಯ ದಿನಾಂಕ ನೋಡಿ. ಕ್ಯಾಮ್ ಮತ್ತು ಕ್ರ್ಯಾಂಕನ್ನು ಆ ಎಂಜಿನ್ನಿಗೆಂದೇ ಇರುವ ಲಾಕಿಂಗ್ ಸಾಧನದಿಂದ ಹಿಡಿದಿಟ್ಟು, ಎಂಜಿನ್ ತಣ್ಣಗಿರುವಾಗ ಬಿಗಿತ ಕೊಡಬೇಕು. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಹಲ್ಲುಚಕ್ರ ಜಾರದಂತೆ ತಡೆಯುವ ಲೋಹದ ಬೆಣೆಯೇ ಇರುವುದಿಲ್ಲ, ಬೋಲ್ಟಿನ ಬಿಗಿತವೊಂದೇ ಅದನ್ನು ಹಿಡಿದಿರುತ್ತದೆ. ಅಲ್ಲಿ ಹೊಸ ಬೋಲ್ಟನ್ನು ಹಾಕಿ, ಟಾರ್ಕ್ ರೆಂಚಿನಿಂದ ಹೇಳಿದಷ್ಟೇ ಬಿಗಿಯಬೇಕು. ಅಂದಾಜಿನಲ್ಲಿ ಬಿಗಿದರೆ ಚಕ್ರ ಜಾರಿ ವಾಲ್ವ್‌ಗಳು ಮತ್ತೆ ಬಗ್ಗುತ್ತವೆ. ಬದಲಿಸಿದ ದಿನಾಂಕ ಮತ್ತು ಕಿಲೋಮೀಟರನ್ನು ಚೀಟಿಯಲ್ಲಿ ಬರೆಸಿ ಟೈಮಿಂಗ್ ಕವರಿನ ಮೇಲೆ ಅಂಟಿಸಿ. ಮೊದಲ ಕೆಲವು ದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ. ಅದು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ವಾಟರ್ ಪಂಪು ಸರಿಯಾಗಿ ಕೂತಿರಲಿಕ್ಕಿಲ್ಲ. ಆಗ ಕಾರು ಓಡಿಸದೆ ಕೆಲಸ ಮಾಡಿದವರನ್ನೇ ಕರೆಸಿ.